ಹುಡುಗಿಯನ್ನೇ ಒಮ್ಮೆ ಕೇಳಿ

"ಫಾದರ್, ಹುಡುಗಿಗೆ ವಿಜ್ಞಾನ ಯಾಕೆ? ದೂರ ಕಳಿಸಬೇಕು, ಹಾಸ್ಟೆಲು, ಖರ್ಚು. ಟೀಚರ್ ಆದರೆ ಸಾಕಲ್ಲ?" ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ಕದ್ರಾದ ತಾಯಿಯೊಬ್ಬರು ಕೇಳಿದ ಮಾತಿದು. ಗಣಿತದಲ್ಲಿ ಮಗಳಿಗೆ ಅಣ್ಣನಿಗಿಂತ ಹೆಚ್ಚು ಅಂಕ. ಆದರೂ ಡಿಪ್ಲೊಮಾ ಓದಲು ಹೋದವನು ಅಣ್ಣ.

ಪ್ರಿಯ ಪಾಲಕರೇ, ಕದ್ರಾ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟಿನ ಮೂರು ಘಟಕಗಳಿವೆ. ಕೈಗಾ ಅಣುಸ್ಥಾವರಕ್ಕೆ ತಂಪು ನೀರು ಸಿಗುವುದೂ ಇದೇ ಜಲಾಶಯದಿಂದ. ಇಂಥ ಊರಿನ ಹುಡುಗಿಗೆ ಯಂತ್ರವೆಂದರೆ ಗಂಡಸರ ಕೆಲಸ ಎಂದು ಕಲಿಸುವವರು ಯಾರು? ಕಾಲೇಜಲ್ಲ, ಮನೆ.

ರಾಜೇಶ್ವರಿ ಚಟರ್ಜಿಯವರ ಮನೆ ಹಾಗಿರಲಿಲ್ಲ. 1922ರಲ್ಲಿ ಹುಟ್ಟಿದ ಈ ಕನ್ನಡತಿಯ ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕದ ಮಿಷಿಗನ್‌ಗೆ ಹೋದರು. (ನಾವೋ, ಹುಬ್ಬಳ್ಳಿಯ ಬಸ್ಸು ಹತ್ತಿಸಲೂ ಹೆದರುತ್ತೇವೆ.) ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಬಂದು, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ಎಷ್ಟೋ ಎಂಜಿನಿಯರುಗಳಿಗೆ ಗುರುವಾಗಿ 1982ರಲ್ಲಿ ನಿವೃತ್ತರಾದರು.

ಅವರಿಗೆ ಓದಿದ ಅಜ್ಜಿ ಇದ್ದರು, ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇಲ್ಲ, ನಿಜ. ಖರ್ಚಿನ ಚಿಂತೆಯೂ ಸುಳ್ಳಲ್ಲ. ಆದರೆ ಮಗಳ ಮದುವೆಗೆಂದು ವರ್ಷಗಟ್ಟಲೆ ಚೀಟಿ ಕಟ್ಟುವ ನಾವು ಅವಳ ಓದಿಗೆಂದು ಒಂದು ಚೀಟಿ ಕಟ್ಟಬಾರದೇ? ವಿದ್ಯಾರ್ಥಿವೇತನದ ಅರ್ಜಿ ತುಂಬಲು ತಿಳಿಯದಿದ್ದರೆ ಶಾಲೆಯ ಮೇಷ್ಟ್ರನ್ನು ಕೇಳಿ, ನನ್ನನ್ನೂ ಕೇಳಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ನಿರ್ಧಾರ ಮಾಡುವ ಮೊದಲು ಹುಡುಗಿಯನ್ನೇ ಒಮ್ಮೆ ಕೇಳಿ ಬಾಯಿ." ಹುಡುಗಿ ಬಾಗಿಲ ಹಿಂದೆಯೇ ನಿಂತಿದ್ದಳು.