ಚಳಿಗಾಲದ ಮುಂಜಾವಿನಲ್ಲಿ ಸಾಮೂಹಿಕ ಸೈಕಲ್ ಸವಾರಿ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹೆಮ್ಮಿಗೆಯಂತಹ ನದಿಬಯಲಿನ ಊರುಗಳ ಮೇಲೆ ಬೆಳಗಿನ ಮಂಜು ದಟ್ಟವಾಗಿ ಕವಿಯುತ್ತದೆ. ನಂಜನಗೂಡು, ತಿ. ನರಸೀಪುರ, ತಲಕಾಡು ರಸ್ತೆಗಳಲ್ಲಿ ತಂಡ ಕಟ್ಟಿಕೊಂಡು ಸೈಕಲ್ ತುಳಿಯುವ ಯುವಕರಿಗೆ ಇದೇ ಪ್ರಿಯವಾದ ಕಾಲ. ಅಭ್ಯಾಸ ಸ್ತುತ್ಯವಾದುದೇ. ಬಸವಾದಿ ಶರಣರು ದೇಹವನ್ನು ಹೀಗಳೆದವರಲ್ಲ. ಅದನ್ನು ಕಾಯಕದ ಸಾಧನವೆಂದು ಕಂಡವರು. ಆದರೆ ಚಳಿಯಲ್ಲಿ ಮಾಡುವ ಸವಾರಿಗೆ ಅದರದೇ ಆದ ನಿಯಮಗಳಿವೆ. ತಂಡವಾಗಿ ಹೊರಟಾಗ ಆ ನಿಯಮಗಳು ತಂಡದ ಅತ್ಯಂತ ದುರ್ಬಲ ಸವಾರನನ್ನು ನೋಡಿ ರೂಪುಗೊಳ್ಳಬೇಕು.

ಚಳಿ ದೇಹಕ್ಕೆ ಮಾಡುವುದೇನು?

ಚಳಿ ಸೋಕಿದೊಡನೆ ಚರ್ಮದ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ರಕ್ತದೊತ್ತಡ ಏರುತ್ತದೆ, ಹೃದಯದ ಹೊರೆ ಹೆಚ್ಚುತ್ತದೆ. ತಣ್ಣನೆಯ ಒಣ ಗಾಳಿಯನ್ನು ಜೋರಾಗಿ ಉಸಿರಾಡಿದಾಗ ಆಸ್ತಮಾ ಇರುವವರ ಶ್ವಾಸನಾಳಗಳು ಬಿಗಿದುಕೊಳ್ಳುತ್ತವೆ. ಮಾಂಸಖಂಡಗಳು ಬಿರುಸಾಗಿರುವುದರಿಂದ ಮೊದಲ 10-15 ನಿಮಿಷ ನಿಧಾನವಾಗಿ ತುಳಿಯುವುದು ಅಗತ್ಯ.

ಮೈಸೂರು ಸೀಮೆಯ ಚಳಿಗಾಲದ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇದು ಅಷ್ಟೇನೂ ಚಳಿಯಲ್ಲವೆಂದು ತೋರಬಹುದು. ಆದರೆ ಸೈಕಲ್ ಸವಾರ ತನ್ನ ವೇಗದಿಂದ ತಾನೇ ಗಾಳಿಯನ್ನು ಸೃಷ್ಟಿಸಿಕೊಳ್ಳುತ್ತಾನೆ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಕಡೆ ಚಳಿ ಇನ್ನೂ ತೀವ್ರ. 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುವವನ ತೆರೆದ ಚರ್ಮಕ್ಕೆ ಅದು ಸುಮಾರು 6-7 ಡಿಗ್ರಿಯಷ್ಟು ತಂಪಾಗಿ ತಟ್ಟುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ಕಷ್ಟ. ಆದ್ದರಿಂದ ಕೈಗವಸು ಅಲಂಕಾರವಲ್ಲ, ರಕ್ಷಣೆ.

ಬೆವರೇ ಶತ್ರುವಾಗುವ ಹೊತ್ತು

ಅಪಾಯ ಹೆಚ್ಚುವುದು ತುಳಿಯುವಾಗಲ್ಲ, ನಿಂತಾಗ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬೆವರಿನಿಂದ ತೊಯ್ದ ಅಂಗಿಯಲ್ಲಿ ಚಹಾದಂಗಡಿಯ ಮುಂದೆ ಅರ್ಧ ಗಂಟೆ ಹರಟುತ್ತ ನಿಂತರೆ ಮೈಯ ಕಾವು ಬೇಗ ಇಳಿದುಹೋಗುತ್ತದೆ. ಒಂದೇ ದಪ್ಪ ಸ್ವೆಟರ್‌ಗಿಂತ ತೆಳುವಾದ ಎರಡು ಮೂರು ಪದರಗಳು ಮೇಲು. ಚೀಲದಲ್ಲಿ ಒಂದು ಒಣ ಬನಿಯನ್ ಇರಲಿ. ಎದೆಗೂ ಅಂಗಿಗೂ ನಡುವೆ ದಿನಪತ್ರಿಕೆಯ ಹಾಳೆಯನ್ನಿಟ್ಟು ಗಾಳಿ ತಡೆಯುವುದು ಹಳೆಯ ಸೈಕಲ್ ಪಟುಗಳ ಉಪಾಯ. ಅದು ಇಂದಿಗೂ ಫಲಕಾರಿ. ತಡೆಯಲಾಗದ ನಡುಕ, ತೊದಲು ಮಾತು, ಕೈಯ ಹಿಡಿತ ತಪ್ಪುವುದು ಕಂಡುಬಂದರೆ ಸವಾರಿಯನ್ನು ಅಲ್ಲೇ ನಿಲ್ಲಿಸಿ, ಒಣ ಬಟ್ಟೆ ಹೊದಿಸಿ, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮುಂದಿರುವವನ ಹೊಣೆ

ಸಾಲಿನ ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನ ಹಿಂದೆ ಬರುವವರ ಶ್ರಮ ಕಾಲುಭಾಗಕ್ಕಿಂತಲೂ ಹೆಚ್ಚು ತಗ್ಗಬಹುದು. ಚಳಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ: ಮುಂದಿನವನು ಬೆವರುತ್ತಾನೆ, ಶ್ರಮ ಕಡಿಮೆಯಾದ ಹಿಂದಿನವನು ತಣ್ಣಗಾಗುತ್ತಾನೆ. ಆದ್ದರಿಂದ ಕೆಲವೇ ನಿಮಿಷಗಳಿಗೊಮ್ಮೆ ಸರದಿ ಬದಲಿಸಿಕೊಳ್ಳುವುದು ಒಳ್ಳೆಯದು. ಅನುಭವಿಯೊಬ್ಬರು ಕೊನೆಯಲ್ಲಿದ್ದು ಯಾರೂ ಹಿಂದುಳಿಯದಂತೆ ನೋಡಿಕೊಳ್ಳಬೇಕು. ಮಂಜಿನಲ್ಲಿ ಒಬ್ಬಂಟಿಯಾಗಿ ಉಳಿದ ಹುಡುಗನ ಪ್ರಾಣಕ್ಕೆ ಇಡೀ ತಂಡವೇ ಹೊಣೆ.

ಮಂಜು ಮತ್ತು ರಸ್ತೆ

ನಮ್ಮ ಸೀಮೆಯಲ್ಲಿ ಸುಗ್ಗಿಯೂ ಇದೇ ಕಾಲಕ್ಕೆ ಬರುತ್ತದೆ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ರಾಗಿ, ಹುರುಳಿಯ ಮೇಲೆ ಚಕ್ರ ಜಾರುತ್ತದೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಮಂಜಿನಲ್ಲಿ ಹತ್ತಿರ ಬರುವವರೆಗೆ ಕಾಣುವುದಿಲ್ಲ. ನುರಿತವರಿಗೂ ರಸ್ತೆ ರಿಯಾಯಿತಿ ಕೊಡುವುದಿಲ್ಲ: 2016ರ ಜನವರಿ 23ರಂದು ಸ್ಪೇನ್ ದೇಶದಲ್ಲಿ ಚಳಿಗಾಲದ ತರಬೇತಿಯಲ್ಲಿದ್ದ ಜೈಂಟ್-ಅಲ್ಪೆಸಿನ್ ವೃತ್ತಿಪರ ತಂಡದ ಆರು ಸವಾರರಿಗೆ, ರಸ್ತೆಯ ತಪ್ಪು ಬದಿಯಲ್ಲಿ ಬಂದ ಕಾರೊಂದು ಡಿಕ್ಕಿ ಹೊಡೆದು ಗಾಯಗೊಳಿಸಿತು. ನಾವು ಸರಿಯಾಗಿ ಸಾಗಿದರಷ್ಟೇ ಸಾಲದು. ಎದುರಿನವರು ತಪ್ಪಬಹುದೆಂಬ ಎಚ್ಚರವೂ ಬೇಕು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೆಲ್ಮೆಟ್, ಹೊಳೆಯುವ ಪಟ್ಟಿಯ ಮೇಲಂಗಿ ಕಡ್ಡಾಯವಾಗಿರಲಿ. ಮಂಜು ಇರುವಲ್ಲಿ ಒಂದೇ ಸಾಲಿನಲ್ಲಿ ಸಾಗಬೇಕು. ದಾರಿ ಕಾಣದಷ್ಟು ದಟ್ಟವಾಗಿದ್ದರೆ ಸೂರ್ಯ ಏರುವವರೆಗೆ ಕಾಯಬೇಕು. ಕಾಯುವುದು ಹೇಡಿತನವಲ್ಲ.

ಆಹಾರ ಮತ್ತು ನೀರು

ಇಷ್ಟಲಿಂಗ ಪೂಜೆ ಮುಗಿಸಿ ಹೊರಡುವವರು ಬರಿಹೊಟ್ಟೆಯಲ್ಲಿ ದೂರ ಹೋಗದಿರಲಿ. ಬೆಚ್ಚಗಿನ ರಾಗಿ ಅಂಬಲಿ, ಒಂದೆರಡು ಬಾಳೆಹಣ್ಣು ಸಾಕು. ನಂಜನಗೂಡು ರಸಬಾಳೆ ದೊರೆತರಂತೂ ಅದೇ ಪ್ರಸಾದ. ಚಳಿಯಲ್ಲಿ ಬಾಯಾರಿಕೆ ತೋರದು, ಆದರೂ ದೇಹ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. 15-20 ನಿಮಿಷಕ್ಕೊಮ್ಮೆ ಒಂದೆರಡು ಗುಟುಕು ನೀರು ಕುಡಿಯಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳಬೇಕು.

ಯಾರು ತಡೆದುಕೊಳ್ಳಬೇಕು?

ಹೃದ್ರೋಗಿಗಳು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಆಸ್ತಮಾ ಇರುವವರು ವೈದ್ಯರ ಸಲಹೆಯಿಲ್ಲದೆ ಮುಂಜಾವಿನ ಚಳಿಯಲ್ಲಿ ಹೊರಡಬಾರದು. ಆಸ್ತಮಾ ಇರುವವರು ವೈದ್ಯರು ಹೇಳಿದ ಇನ್‌ಹೇಲರನ್ನು ಜೊತೆಗಿಟ್ಟುಕೊಂಡು, ಮೂಗು ಬಾಯಿಗೆ ತೆಳುವಾದ ಬಟ್ಟೆ ಸುತ್ತಿಕೊಳ್ಳುವುದು ಹಿತ. ಸವಾರಿಯ ನಡುವೆ ಎದೆಯಲ್ಲಿ ಬಿಗಿತ, ಎಡತೋಳಿಗೆ ಹರಡುವ ನೋವು ಕಾಣಿಸಿಕೊಂಡರೆ ಅದನ್ನು ಚಳಿಯ ಸೆಳೆತವೆಂದು ಕಡೆಗಣಿಸದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಹೊರಟವರೆಲ್ಲರೂ ಕ್ಷೇಮವಾಗಿ ಮನೆ ಸೇರಿದರೆ ಆ ದಿನದ ಅಭ್ಯಾಸ ಸಾರ್ಥಕ. ಹಿಂದಿರುವವನಿಗಾಗಿ ವೇಗ ತಗ್ಗಿಸುವುದೂ ಒಂದು ದಾಸೋಹವೇ. ಭಕ್ತಬಾಂಧವರು ತಮ್ಮ ಮಕ್ಕಳಿಗೆ ಇದನ್ನು ಮನವರಿಕೆ ಮಾಡಿಕೊಡಲೆಂದು ಹಾರೈಸುತ್ತೇವೆ.