ಇಂಜಿನ್ ಬಿಚ್ಚುವ ಮುನ್ನ

2025ರ ಜೂನ್ ಕೊನೆಯ ವಾರ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಮುಖ್ಯಮಂತ್ರಿಯ ಬೆಂಗಾವಲಿನ 19 ಕಾರುಗಳು ಒಂದೇ ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು ಹೊರಟವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದರ ಹಿಂದೆ ಒಂದು ನಿಂತವು. ಟ್ಯಾಂಕ್ ಖಾಲಿ ಮಾಡಿಸಿ ನೋಡಿದರೆ ಡೀಸೆಲ್ ಜೊತೆ ನೀರು ಬಂತು. ಅಧಿಕಾರಿಗಳು ಬಂದು ಬಂಕಿಗೆ ಬೀಗಮುದ್ರೆ ಹಾಕಿದರು. 19 ಕಾರು ಒಟ್ಟಿಗೆ ನಿಂತಿದ್ದರಿಂದ ಅಲ್ಲಿ ಸಾಕ್ಷ್ಯ ತಾನಾಗಿ ಹುಟ್ಟಿತು. ಯಾರೂ ವಾದ ಮಾಡಬೇಕಾಗಲಿಲ್ಲ.

ನಿಮ್ಮ ಒಂದೇ ಕಾರು ನೆಲಮಂಗಲದ ಟೋಲ್ ದಾಟಿ ನಿಂತರೆ ಹೀಗಾಗುವುದಿಲ್ಲ. ಟೋಯಿಂಗ್ ಗಾಡಿ ಬರುತ್ತದೆ, ಕಾರು ಸರ್ವಿಸ್ ಸೆಂಟರ್ ಸೇರುತ್ತದೆ. ನಾಲ್ಕು ದಿನ ಬಿಟ್ಟು ಫೋನ್: ‘ಸರ್, ಹೈ ಪ್ರೆಶರ್ ಪಂಪ್ ಹೋಗಿದೆ, ಇಂಜೆಕ್ಟರ್ ಎಲ್ಲಾ ಹೋಗಿವೆ. ಕಲಬೆರಕೆ ಡೀಸೆಲ್, ವಾರಂಟಿ ಬರಲ್ಲ.’ ಬಂಕಿನವರನ್ನು ಕೇಳಿದರೆ, ‘ದಿನಕ್ಕೆ ಎಷ್ಟೋ ಗಾಡಿಗೆ ಇದೇ ಡೀಸೆಲ್ ಹಾಕ್ತೀವಿ, ನಿಮ್ಮೊಬ್ಬರದ್ದೇ ಹಾಳಾಯ್ತಾ?’ ಅನ್ನುತ್ತಾರೆ. ವಿಮಾ ಕಂಪನಿಯವರು ಪಾಲಿಸಿಯ ಒಂದು ಸಾಲು ತೋರಿಸಿ ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಅರವತ್ತು ಲಕ್ಷದ ಕಾರಿಗೆ ಹತ್ತು ಲಕ್ಷದ ಎಸ್ಟಿಮೇಟ್ ಹಿಡಿದು ಮಾಲೀಕ ಮೂವರ ನಡುವೆ ನಿಲ್ಲುತ್ತಾನೆ. ಕಾನೂನು ಅವನ ಕೈಬಿಟ್ಟಿಲ್ಲ. ಆದರೆ ಕಾನೂನಿನ ಮುಂದೆ ಇಡಬೇಕಾದ ಸಾಕ್ಷ್ಯ ಅಷ್ಟರಲ್ಲಿ ವರ್ಕ್‌ಶಾಪಿನ ಡ್ರಮ್ಮಿಗೆ ಸುರಿದುಹೋಗಿರುತ್ತದೆ.

ಇದು ಅರ್ಥವಾಗಲು ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಈಗಿನ ಡೀಸೆಲ್ ಕಾರುಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಹೈ ಪ್ರೆಶರ್ ಪಂಪು ಇಂಧನವನ್ನು ಸುಮಾರು 2000 ಬಾರ್ ಒತ್ತಡದವರೆಗೆ ಒತ್ತುತ್ತದೆ. ಆ ಪಂಪಿನ ಒಳಭಾಗಗಳಿಗೆ ಬೇರೆ ಎಣ್ಣೆಯಿಲ್ಲ, ಡೀಸೆಲ್ಲೇ ಜಾರುಗುಣ ಕೊಡಬೇಕು. ನೀರು ಸೇರಿದರೆ ಜಾರುಗುಣ ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಸಣ್ಣ ಸಣ್ಣ ಲೋಹದ ಚೂರುಗಳು ರೈಲು, ಇಂಜೆಕ್ಟರುಗಳನ್ನು ಹೊಕ್ಕು, ವಾಪಸ್ ಪೈಪಿನ ಮೂಲಕ ಟ್ಯಾಂಕಿಗೂ ಬರುತ್ತವೆ. ಒಂದು ಪಂಪು ಹೋದರೆ ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕು ಎನ್ನುವುದು ಇದಕ್ಕೇ.

ಪಂಪಿನ ತಯಾರಿಕೆಯಲ್ಲೇ ದೋಷವಿದ್ದರೂ ಉದುರುವುದು ಅದೇ ಲೋಹದ ಚೂರುಗಳು. ಅವನ್ನು ತೋರಿಸಿ ‘ನೋಡಿ, ಕಲಬೆರಕೆ’ ಎನ್ನುವ ಸರ್ವಿಸ್ ಅಡ್ವೈಸರ್ ಏನನ್ನೂ ಸಾಬೀತು ಮಾಡಿದಂತಾಗುವುದಿಲ್ಲ. ಅಮೆರಿಕದಲ್ಲಿ ಸಿಪಿ4 ಎಂಬ ಪಂಪಿನ ವಿರುದ್ಧ ಡೀಸೆಲ್ ವಾಹನ ಮಾಲೀಕರು ಹೂಡಿದ ಸಾಮೂಹಿಕ ದಾವೆಗಳ ತಿರುಳು ಇದೇ: ಆ ದೇಶದ ಡೀಸೆಲ್ಲಿಗೆ ಒಗ್ಗದ ಪಂಪನ್ನು ಕಂಪನಿಗಳು ಗೊತ್ತಿದ್ದೂ ಹಾಕಿದವು ಎಂಬುದು. ಜಾರುಗುಣದ ಪರೀಕ್ಷೆಯಲ್ಲಿ ಲೋಹದ ಮೇಲೆ ಬೀಳುವ ಸವೆತದ ಗುರುತು ಅಮೆರಿಕದ ಮಾನದಂಡದಲ್ಲಿ 520 ಮೈಕ್ರಾನ್‌ವರೆಗೆ ಇರಬಹುದು, ಯುರೋಪಿನಲ್ಲಿ 460. ನಮ್ಮ ಬಿಎಸ್-6 ಡೀಸೆಲ್ಲಿನ ಮಿತಿಯೂ 460. ಆದ್ದರಿಂದ ‘ಇಂಡಿಯಾದ ಡೀಸೆಲ್ಲೇ ಸರಿಯಿಲ್ಲ’ ಎಂಬ ಸಾಮಾನ್ಯ ಮಾತನ್ನು ಒಪ್ಪಬೇಡಿ. ಬಂಕಿನ ಡೀಸೆಲ್ ಭಾರತೀಯ ಮಾನಕಕ್ಕೆ ಸರಿಯಾಗಿದ್ದರೆ, ಭಾರತದಲ್ಲಿ ಮಾರಿದ ಕಾರು ಅದನ್ನು ಅರಗಿಸಿಕೊಳ್ಳಲೇಬೇಕು. ಅರಗದಿದ್ದರೆ ದೋಷ ಕಾರಿನದು. ಯಾವುದು ನಿಜವೆಂದು ಹೇಳಬಲ್ಲದ್ದು ಟ್ಯಾಂಕಿನಲ್ಲಿರುವ ಡೀಸೆಲ್ಲಿನ ಮಾದರಿ ಮಾತ್ರ.

ಹಾಗಾಗಿ ಕಾರು ನಿಂತ ದಿನವೇ ಸರ್ವಿಸ್ ಸೆಂಟರಿಗೆ ಒಂದು ಇಮೇಲ್ ಹೋಗಬೇಕು: ‘ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಟ್ಯಾಂಕ್ ಖಾಲಿ ಮಾಡಬಾರದು, ಪಂಪು, ಇಂಜೆಕ್ಟರ್ ಬಿಚ್ಚಬಾರದು, ಫ್ಯೂಯೆಲ್ ಫಿಲ್ಟರ್ ಎಸೆಯಬಾರದು.’ ಸ್ಕ್ಯಾನರ್ ಹಾಕಿದಾಗ ಬಂದ ದೋಷದ ಕೋಡುಗಳ ವರದಿಯನ್ನು, ಅದರಲ್ಲಿರುವ ಕಿಲೋಮೀಟರ್ ದಾಖಲೆಯ ಸಮೇತ ಕೇಳಿ ಪಡೆಯಿರಿ. ಡೀಸೆಲ್ ಮಾದರಿ ತೆಗೆಯುವಾಗ ನೀವಿರಬೇಕು. ಬಂಕಿನ ಮಾಲೀಕರಿಗೂ ತೈಲ ಕಂಪನಿಗೂ ದಿನಾಂಕ, ಹೊತ್ತು ತಿಳಿಸಿ ಬರಲು ನೋಟಿಸ್ ಕೊಡಿ. ಅವರು ಬಾರದಿದ್ದರೂ ಕರೆದದ್ದಕ್ಕೆ ದಾಖಲೆ ಉಳಿಯುತ್ತದೆ. ಒಂದೇ ಮಾದರಿ ಸಾಲದು. ಶುಭ್ರವಾದ ಡಬ್ಬಿಗಳಲ್ಲಿ ಮೂರು ತೆಗೆದು, ಮೊಹರು ಮಾಡಿ, ಅಲ್ಲಿದ್ದವರ ಸಹಿ ಹಾಕಿಸಿ, ವೀಡಿಯೊ ಮಾಡಿ. ಒಂದು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ, ಒಂದು ವರ್ಕ್‌ಶಾಪಿಗೆ, ಒಂದು ನಿಮ್ಮ ಬಳಿ. ಬದಲಿಸಿದ ಹಳೆಯ ಭಾಗಗಳನ್ನು ಇಟ್ಟುಕೊಳ್ಳಿ ಎಂದು ಮೊದಲೇ ಬರೆದುಕೊಡಿ. ವಾರಂಟಿಯಲ್ಲಿ ಬದಲಿಸಿದರೆ ಅವು ಕಂಪನಿಗೆ ಹೋಗುತ್ತವೆ, ಆಗ ಫೋಟೊ ಮತ್ತು ಭಾಗದ ಸಂಖ್ಯೆಯಾದರೂ ಉಳಿಯಲಿ.

ಜಾಬ್ ಕಾರ್ಡಿನ ಬಗ್ಗೆ ಒಂದು ಮಾತು. ‘ಜನರಲ್ ಚೆಕಪ್’ ಎಂದು ಅವರು ಬರೆದುಕೊಂಡ ಕಡೆ ಸಹಿ ಹಾಕಬೇಡಿ. ‘100 ಕಿ.ಮೀ. ವೇಗದಲ್ಲಿ ಪವರ್ ಕಡಿತವಾಯಿತು, ಇಂಜಿನ್ ಲೈಟ್ ಬಂತು, ತಾನಾಗಿ ಆಫ್ ಆಯಿತು’ ಎಂದು ನಿಮ್ಮ ಮಾತಲ್ಲೇ ಬರೆಸಿ. ದೋಷ ಮರುಕಳಿಸಿತು ಎಂದು ಆಮೇಲೆ ವಾದಿಸುವಾಗ ಈ ಕಾರ್ಡುಗಳೇ ಆಧಾರ. ಐದು ಸಲ ವರ್ಕ್‌ಶಾಪಿಗೆ ಹೋಗಿ ಐದೂ ಸಲ ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂದಷ್ಟೇ ಬರೆದಿದ್ದರೆ ವಕೀಲರಿಗೆ ಕೆಲಸ ಕಷ್ಟವಾಗುತ್ತದೆ.

ಬಂಕಿನಲ್ಲೂ ನಿಮಗೆ ಹಕ್ಕುಗಳಿವೆ. ಸಾಂದ್ರತೆ ಅಳೆಯಲು ಹೈಡ್ರೋಮೀಟರ್, ಥರ್ಮಾಮೀಟರ್, ಜಾಡಿ ಮತ್ತು ಪರಿವರ್ತನೆಯ ಪಟ್ಟಿ ಅಲ್ಲಿರಲೇಬೇಕು. ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಬಂಕಿನಲ್ಲಿ ದಾಖಲಾದ ಸಾಂದ್ರತೆಗೂ ಅಳೆದದ್ದಕ್ಕೂ ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನಕ್ಕೆ ಕಾರಣವಿದೆ. 2005ರ ಮೋಟಾರ್ ಸ್ಪಿರಿಟ್ ಮತ್ತು ಹೈಸ್ಪೀಡ್ ಡೀಸೆಲ್ ಆದೇಶದಡಿ ಕಲಬೆರಕೆ ಶಿಕ್ಷಾರ್ಹ, ಹಿಂದೆ ಅಗತ್ಯ ವಸ್ತುಗಳ ಕಾಯ್ದೆಯ ಬಲವಿದೆ. ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ ದೂರು ಕೊಡಿ, ಒಂದು ಪ್ರತಿ ತೈಲ ಕಂಪನಿಗೆ ಹೋಗಲಿ. ಬಿಲ್ಲನ್ನು ಕೇಳಿ ಪಡೆಯುವುದು, ಹಣವನ್ನು ಯುಪಿಐ ಅಥವಾ ಕಾರ್ಡಿನಲ್ಲಿ ಕೊಡುವುದು ಚಿಕ್ಕ ಅಭ್ಯಾಸಗಳೇ. ಆದರೆ ಯಾವ ಬಂಕು, ಎಷ್ಟು ಹೊತ್ತಿಗೆ, ಎಷ್ಟು ಲೀಟರ್ ಎಂಬ ಮೂರೂ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ. ಬಂಕಿನ ಹುಡುಗ ತಪ್ಪಿ ಪೆಟ್ರೋಲ್ ಹಾಕಿದ ಪ್ರಕರಣವೂ ಇದೇ ದಾರಿಯದು. ಅಂಥ ಹೊತ್ತಲ್ಲಿ ಇಂಜಿನ್ ಸ್ಟಾರ್ಟ್ ಮಾಡದೆ ಕಾರನ್ನು ತಳ್ಳಿ ಬದಿಗೆ ನಿಲ್ಲಿಸಿ, ಸಿಸಿಟಿವಿ ದೃಶ್ಯ ಉಳಿಸಿಡುವಂತೆ ಅಲ್ಲೇ ಲಿಖಿತವಾಗಿ ಕೇಳಿ.

ಈಗ ದೂರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಯಾವ ಗ್ರಾಹಕ ಆಯೋಗಕ್ಕೆ ಹೋಗಬೇಕೆಂದು ನಿರ್ಧರಿಸುವುದು ನೀವು ಕೊಟ್ಟ ಬೆಲೆ. ಕೇಳುವ ಪರಿಹಾರವನ್ನು ಅದಕ್ಕೆ ಲೆಕ್ಕ ಹಿಡಿಯುವುದಿಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಐಷಾರಾಮಿ ಕಾರಿನ ಮಾಲೀಕರು ಎಡವುವುದು ಇಲ್ಲೇ. 65 ಲಕ್ಷದ ಕಾರಿನ ತಯಾರಿಕಾ ದೋಷದ ದೂರನ್ನು ಜಿಲ್ಲೆಯಲ್ಲಿ ಹಾಕಿದರೆ ಅದು ಅಧಿಕಾರ ವ್ಯಾಪ್ತಿಯ ಮೇಲೇ ಬಿದ್ದುಹೋಗುತ್ತದೆ. ಅಂಥದ್ದು ನೇರವಾಗಿ ಬೆಂಗಳೂರಿನ ಬಸವ ಭವನದಲ್ಲಿರುವ ರಾಜ್ಯ ಆಯೋಗಕ್ಕೆ ಹೋಗಬೇಕು, ಶುಲ್ಕ 2000 ರೂಪಾಯಿ. ಜಗಳ ರಿಪೇರಿಯ ಗುಣಮಟ್ಟದ ಬಗ್ಗೆ ಮಾತ್ರವಿದ್ದು, ನೀವು ಕಟ್ಟಿದ ಬಿಲ್ 8 ಲಕ್ಷವಾಗಿದ್ದರೆ ಬೆಲೆಯೆಂದರೆ ಆ ಸೇವೆಗೆ ಕೊಟ್ಟ ಹಣ. ಆಗ ಜಿಲ್ಲಾ ಆಯೋಗವೇ ಸಾಕು. ಆರ್ಡರ್ ಫಾರಂನಲ್ಲಿ ‘ಎಲ್ಲ ವ್ಯಾಜ್ಯ ಮುಂಬೈ ನ್ಯಾಯಾಲಯಕ್ಕೆ ಮಾತ್ರ’ ಎಂದು ಅಚ್ಚಾಗಿದ್ದರೆ ಹೆದರಬೇಡಿ. ದೂರುದಾರ ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಮಧ್ಯಸ್ಥಿಕೆ ಒಪ್ಪಂದ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂಬುದು 2018ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಗಿದೆ.

ಕಾಲಮಿತಿ ಎರಡು ವರ್ಷ. ‘ಮುಂದಿನ ತಿಂಗಳು ಜರ್ಮನಿಯಿಂದ ಪಾರ್ಟ್ ಬರುತ್ತೆ’ ಎಂಬ ಭರವಸೆಯಲ್ಲಿ ಈ ಅವಧಿ ಜಾರಿಹೋಗುತ್ತದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ಆದರೂ ಅದನ್ನು ನೆಚ್ಚಬಾರದು. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಬಗೆಹರಿಯದಿದ್ದರೆ ನೋಟಿಸ್ ಕೊಟ್ಟು ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ. ಎದುರುದಾರರು 30 ದಿನ, ಹೆಚ್ಚೆಂದರೆ ಇನ್ನೂ 15 ದಿನದೊಳಗೆ ಉತ್ತರ ಕೊಡಬೇಕು. ಆಮೇಲೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ದೂರಿನಲ್ಲಿ ತಯಾರಕರನ್ನೂ ಡೀಲರನ್ನೂ ಸೇರಿಸಿ, ಆದರೆ ಯಾರ ತಪ್ಪು ಯಾವುದೆಂದು ಬಿಡಿಸಿ ಬರೆಯಿರಿ. ಡೀಲರನ ಪ್ರತಿ ತಪ್ಪಿಗೂ ತಯಾರಕ ತಾನಾಗಿ ಹೊಣೆಯಲ್ಲವೆಂದು 2021ರ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ತೀರ್ಪಾಗಿದೆ. ತಯಾರಿಕಾ ದೋಷ ಸಾಬೀತು ಮಾಡುವ ಹೊಣೆ ಮೊದಲು ನಿಮ್ಮ ಮೇಲೇ ಇರುತ್ತದೆ. ಕಾಯ್ದೆಯ 38ನೇ ಸೆಕ್ಷನ್ ನೆರವಿಗೆ ಬರುವುದು ಆಗ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗವೇ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ವೆಚ್ಚವನ್ನು ದೂರುದಾರ ಠೇವಣಿ ಇಡಬೇಕು. ದೂರಿನ ಜೊತೆಗೇ ತಜ್ಞರ ತಪಾಸಣೆಗೂ ಅರ್ಜಿ ಹಾಕಿ. ಇದನ್ನು ಮರೆತ ದೂರುಗಳು ‘ತಜ್ಞರ ವರದಿಯಿಲ್ಲ’ ಎಂಬ ಒಂದೇ ಸಾಲಿನಲ್ಲಿ ವಜಾ ಆಗುತ್ತವೆ. ನ್ಯಾಯವಾದ ದೂರೊಂದು ಹೀಗೆ ಬಿದ್ದುಹೋಗುವುದು ಸಂಕಟದ ಸಂಗತಿ.

ಏನು ಕೇಳಬೇಕೆಂಬುದನ್ನೂ ಯೋಚಿಸಿ. ಬಿಡಿಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಕಾರಿನ ಹಣ ಸಿಗುವುದಿಲ್ಲ ಎಂಬುದು 2006ರ ಮಾರುತಿ ಪ್ರಕರಣದಿಂದ ನಿಂತ ನಿಲುವು. ದೋಷ ನಿವಾರಣೆ, ಅದಾಗದಿದ್ದರೆ ಬದಲಿ ಕಾರು, ಅದೂ ಆಗದಿದ್ದರೆ ಬಡ್ಡಿ ಸಹಿತ ಹಣ, ಹೀಗೆ ಪರ್ಯಾಯವಾಗಿ ಕೇಳುವುದು ಜಾಣತನ. 2009ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಕೊಂಡ ಸಂಸ್ಥೆಯೊಂದು ಕೆಲವೇ ದಿನಗಳಲ್ಲಿ ದೋಷ ಕಂಡು ಪೊಲೀಸರ ಬಳಿ ಹೋಗಿ ಎಫ್‌ಐಆರ್ ದಾಖಲಿಸಿತು. 2012ರಲ್ಲಿ ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿ ಹೊಸ ಕಾರು ಕೊಡಲು ಹೇಳಿತು. ಕಂಪನಿ ಮುಂದೆ ಬಂದರೂ ಕೊಂಡವರು ಒಪ್ಪಲಿಲ್ಲ, ಹಣವೇ ಬೇಕೆಂದರು. 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿ ಪ್ರಕರಣ ಮುಗಿಸಿತು. ಅಷ್ಟರಲ್ಲಿ ಹದಿನೈದು ವರ್ಷ ಸಮೀಪಿಸಿತ್ತು. ಕಾರಿನ ದೋಷಕ್ಕೆ ಪೊಲೀಸ್ ಠಾಣೆ ಮೊದಲ ಬಾಗಿಲಾಗಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಅದೇ ವಾರ ಬಂದ ಇನ್ನೊಂದು ತೀರ್ಪು ಕಂಪನಿ ಹೆಸರಿನಲ್ಲಿ ಕಾರು ಕೊಳ್ಳುವವರಿಗೆ ಮುಖ್ಯ: ನಿರ್ದೇಶಕರ ಬಳಕೆಗೆ ಕೊಂಡ ಕಾರು ಅಷ್ಟರಿಂದಲೇ ವಾಣಿಜ್ಯ ಉದ್ದೇಶದ್ದಾಗುವುದಿಲ್ಲ, ಆ ಕಂಪನಿಯೂ ಗ್ರಾಹಕನೇ.

ಡೀಸೆಲ್ ಕಾರಿನ ಇನ್ನೊಂದು ತಕರಾರು ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್), ಅದು ಬೆಂಗಳೂರಿನಂಥ ಊರಿನದು. ಹೊಗೆಯ ಮಸಿಯನ್ನು ಹಿಡಿಯುವ ಈ ಫಿಲ್ಟರ್ ತಾನೇ ಸುಟ್ಟು ಶುದ್ಧವಾಗಲು ಇಂಜಿನ್ ಒಂದೇ ಸಮನೆ ಬಿಸಿಯಾಗಿ ಓಡಬೇಕು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ದಿನಾ ನಾಲ್ಕು ಕಿಲೋಮೀಟರ್ ತೆವಳುವ ಕಾರಿಗೆ ಅದು ಸಿಗುವುದಿಲ್ಲ. ಅರ್ಧಕ್ಕೆ ನಿಂತ ಪ್ರತಿ ಶುದ್ಧೀಕರಣದಲ್ಲೂ ಹೆಚ್ಚುವರಿ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ, ಕಡೆಗೆ ಟರ್ಬೋ, ಬೇರಿಂಗ್‌ಗಳಿಗೆ ಪೆಟ್ಟು. ಸರ್ವಿಸ್ ಸೆಂಟರ್ ‘ನಿಮ್ಮ ಓಡಿಸುವ ರೀತಿ ಸರಿಯಿಲ್ಲ’ ಎನ್ನುತ್ತದೆ. ಆದರೆ ಸರಿಯಾದ ಸೂಚನೆ, ಎಚ್ಚರಿಕೆ ಕೊಡದಿರುವುದೂ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ನಿನ ಉತ್ಪನ್ನ ಹೊಣೆಗಾರಿಕೆಯೊಳಗೆ ಬರುತ್ತದೆ. ಮಾರುವಾಗ ನಿಮ್ಮ ನಿತ್ಯದ ಓಡಾಟ ಕೇಳಿ, ಈ ಮಿತಿ ತಿಳಿಸಿದ್ದರೇ? ಮಾರಾಟಗಾರರ ಜೊತೆಗಿನ ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಡಿಪಿಎಫ್ ಕಿತ್ತೆಸೆದು ಇಸಿಯು (ಇಂಜಿನ್ನಿನ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದವರಿಗೆ ಮಾತ್ರ ಈ ವಾದ ಉಳಿಯುವುದಿಲ್ಲ. ಮಾರ್ಪಡಿಸಿದ ಉತ್ಪನ್ನಕ್ಕೆ 87ನೇ ಸೆಕ್ಷನ್ ಉತ್ಪನ್ನ ಮಾರಾಟಗಾರನಿಗೆ ರಕ್ಷಣೆ ಕೊಡುತ್ತದೆ.

ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ ಮಾತ್ರಕ್ಕೆ ಪೂರ್ತಿ ವಾರಂಟಿ ರದ್ದು ಎನ್ನುವುದನ್ನು 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಪ್ಪಲಿಲ್ಲ. 14 ಕಾರು ಕಂಪನಿಗಳಿಗೆ 2,544 ಕೋಟಿ ದಂಡ ಹಾಕಿದ ಆ ಆದೇಶ ಮೇಲ್ಮನವಿಗಳಿಗೆ ಸಿಕ್ಕಿದ್ದರೂ, ಕೆಟ್ಟ ಭಾಗಕ್ಕೂ ಹೊರಗಿನ ಕೆಲಸಕ್ಕೂ ಇರುವ ನಂಟು ತೋರಿಸಿ ಎಂದು ನೀವು ಕೇಳಬಹುದು.

ವಿಮೆಯ ಲೆಕ್ಕ ಬೇರೆ. ಸಾಮಾನ್ಯ ಪಾಲಿಸಿ ಯಾಂತ್ರಿಕ ವೈಫಲ್ಯವನ್ನು ಹೊರಗಿಡುತ್ತದೆ, ಇಂಧನ ಸೋರಿ ಬೆಂಕಿ ಹತ್ತಿದರೆ ಅದು ಒಳಗೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಮಾರತ್‌ಹಳ್ಳಿ ಕಡೆ ದುಬಾರಿ ಕಾರುಗಳು ಮುಳುಗಿದಾಗ ನೀರು ಹೊಕ್ಕು ಹಾಳಾದ ಇಂಜಿನ್ನಿಗೆ ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಏಕೆ ಬೇಕೆಂದು ಊರಿಗೆಲ್ಲ ತಿಳಿಯಿತು. ನೀರಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಕ್ಲೇಮ್ ನಿರಾಕರಿಸಲು ಕಾರಣ ಕೊಟ್ಟಂತೆ. ನಿರಾಕರಿಸಿದ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಶುಲ್ಕವಿಲ್ಲ, 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ.

ಪ್ರಕರಣ ನಡೆಯುವಾಗ ಕಾರು ಸರ್ವಿಸ್ ಸೆಂಟರಿನಲ್ಲೇ ಧೂಳು ತಿನ್ನುತ್ತದೆ, ವರ್ಕ್‌ಶಾಪ್ ದಿನದ ಪಾರ್ಕಿಂಗ್ ಶುಲ್ಕ ಬರೆಯತೊಡಗುತ್ತದೆ. ತಜ್ಞರ ತಪಾಸಣೆ ಮುಗಿದ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ, ನನ್ನ ಹಕ್ಕು ಬಿಟ್ಟುಕೊಟ್ಟಿಲ್ಲ’ ಎಂದು ಬರೆದುಕೊಟ್ಟು ಹಣ ಕಟ್ಟಿ ಕಾರು ಬಿಡಿಸಿಕೊಳ್ಳಬಹುದು. ‘ಸಂಪೂರ್ಣ ತೃಪ್ತಿಯಾಗಿದೆ’ ಎಂಬ ಅಚ್ಚಾದ ಚೀಟಿಗೆ ಮಾತ್ರ ಸಹಿ ಹಾಕಬೇಡಿ. ರಾಜ್ಯ ಆಯೋಗದ ಆದೇಶದ ವಿರುದ್ಧ ಕಂಪನಿ ಮೇಲ್ಮನವಿಗೆ ಹೋಗಬೇಕಾದರೆ 30 ದಿನದೊಳಗೆ, ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಟ್ಟು ಹೋಗಬೇಕು. ಮೇಲ್ಮನವಿಗೂ ಹೋಗದೆ, ಹಣವನ್ನೂ ಕೊಡದೆ ಕೂತರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಸೆಕ್ಷನ್ನಿನಲ್ಲಿ ಅರ್ಜಿ ಹಾಕಿ. ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.