ಬಿಟ್ಟಿ ಎಂದವರಿಗೆ ಲೆಕ್ಕ ಒಪ್ಪಿಸಬೇಕೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇದ್ದವು. ಸರ್ಕಾರದ ನೆರವು ಪಡೆದು ಮಕ್ಕಳನ್ನು ಸಾಕುವ ತಂದೆ ತಾಯಂದಿರು ಕೇಳಿಸಿಕೊಳ್ಳುವ ಮಾತುಗಳು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಹೆಸರುಗಳನ್ನು ಕೈಬಿಟ್ಟಿದೆ.

ಪ್ರಶ್ನೆ: ಮೇಡಂ, ನಾನು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ ಮಾಡುತ್ತೇನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಹತ್ತು ವರ್ಷದ ಮಗಳು, ಏಳು ವರ್ಷದ ಮಗ ಇದ್ದಾರೆ. ವಿಧವಾ ವೇತನ 800, ಗೃಹಲಕ್ಷ್ಮಿ 2,000, ರೇಷನ್ ಅಕ್ಕಿ, ಅದರ ಮೇಲೆ ನನ್ನ ಕೂಲಿ. ಗೃಹಲಕ್ಷ್ಮಿಯ ಎರಡು ಕಂತು ಒಟ್ಟಿಗೆ ಬಂದಾಗ ಮಗಳ ಹುಟ್ಟುಹಬ್ಬಕ್ಕೆ ಕೇಕ್ ತಂದು ಅಕ್ಕಪಕ್ಕದ ಮಕ್ಕಳನ್ನು ಕರೆದೆ. ನನ್ನ ವಾರಗಿತ್ತಿ ಎಲ್ಲರ ಮುಂದೆ, "ಸರ್ಕಾರ ಕೊಡುತ್ತೆ, ನಮ್ಮಕ್ಕ ಕೇಕ್ ಕುಯ್ಯುತ್ತಾಳೆ" ಅಂದಳು. ಮಗಳು ಕೇಕ್ ಮುಟ್ಟಲಿಲ್ಲ. ಅವತ್ತಿನಿಂದ ಏನು ಕೊಂಡರೂ ಚೀಲದಲ್ಲಿ ಮುಚ್ಚಿಕೊಂಡು ತರುತ್ತೇನೆ. ನಾನು ಮಾಡಿದ್ದು ತಪ್ಪಾ?
– ದೊಡ್ಡಬಳ್ಳಾಪುರ

ಉತ್ತರ: ತಪ್ಪಲ್ಲ. ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ವಿಧವಾ ವೇತನ, ಗೃಹಲಕ್ಷ್ಮಿ ಎರಡೂ ಸೇರಿ ತಿಂಗಳಿಗೆ 2,800 ರೂಪಾಯಿ. ಮೂರು ಜನಕ್ಕೆ ಹಂಚಿದರೆ ದಿನಕ್ಕೆ ತಲೆಗೆ 31 ರೂಪಾಯಿ ಬೀಳುತ್ತದೆ. ಇಷ್ಟರಲ್ಲಿ ಯಾರೂ ಮಜಾ ಮಾಡಲಾರರು. ನಿಮ್ಮ ಮನೆ ನಡೆಯುತ್ತಿರುವುದು ನಿಮ್ಮ ಕೂಲಿಯಿಂದ, ಸರ್ಕಾರದ ದುಡ್ಡು ಅದಕ್ಕೊಂದು ಆಸರೆ ಅಷ್ಟೆ.

2024ರಲ್ಲಿ ಉತ್ತರ ಕರ್ನಾಟಕದ ಅಜ್ಜಿಯೊಬ್ಬರು ಗೃಹಲಕ್ಷ್ಮಿ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಎಲ್ಲರೂ ಕೊಂಡಾಡಿದರು. ಕೊಂಡಾಡಬೇಕಾದ್ದೇ. ಆದರೆ ಅದೇ ದುಡ್ಡಲ್ಲಿ ತಾಯಿಯೊಬ್ಬಳು ತನ್ನ ಮಗಳಿಗೆ ಕೇಕ್ ತಂದರೆ ಹುಬ್ಬು ಮೇಲೇರುತ್ತದೆ. ಬಡವರು ದುಡ್ಡನ್ನು ತ್ಯಾಗಕ್ಕೆ, ಔಷಧಿಗೆ, ಫೀಸಿಗೆ ಖರ್ಚು ಮಾಡಬಹುದು, ಸಂತೋಷಕ್ಕೆ ಮಾತ್ರ ಮಾಡಕೂಡದು ಎಂಬ ಅಲಿಖಿತ ಕಾಯಿದೆಯೊಂದು ನಮ್ಮ ತಲೆಯಲ್ಲಿದೆ. ಗೃಹಲಕ್ಷ್ಮಿ ಯೋಜನೆಯ ಷರತ್ತುಗಳಲ್ಲಿ ಅಂಥದ್ದೇನೂ ಇಲ್ಲ. ಯಜಮಾನಿಯ ಖಾತೆಗೆ ಬಂದ ಮೇಲೆ ಅದು ಯಜಮಾನಿಯ ದುಡ್ಡು.

ಈ ಸಂಕಟ ನಮ್ಮೂರಿನದು ಮಾತ್ರವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಾಕರ್ ಅವರ ನೇತೃತ್ವದಲ್ಲಿ ಭಾರತ, ಪಾಕಿಸ್ತಾನ, ಚೀನಾ, ದಕ್ಷಿಣ ಕೊರಿಯಾ, ಉಗಾಂಡ, ಬ್ರಿಟನ್, ನಾರ್ವೆ ಹೀಗೆ ಏಳು ದೇಶಗಳ ಬಡವರನ್ನು ಮಾತಾಡಿಸಿದ ಅಧ್ಯಯನವೊಂದಿದೆ. ಅದರ ಪುಸ್ತಕ 2014ರಲ್ಲಿ ಬಂತು. ನಾರ್ವೆಯ ಬಡವರಿಗೂ ಉಗಾಂಡದ ಬಡವರಿಗೂ ಆದಾಯದಲ್ಲಿ ಅಜಗಜಾಂತರ. ಆದರೂ ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ನೋವು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಕಂಡಿತು. ತಂದೆ ತಾಯಂದಿರನ್ನಂತೂ ಮಕ್ಕಳು ಕೇಳಿದ್ದನ್ನು ಕೊಡಿಸಲಾಗದ ಸಂಕಟವೇ ಕುಗ್ಗಿಸುತ್ತಿತ್ತು. ನೀವು ಕೇಕ್ ತಂದದ್ದು ಅಂಥದೊಂದು ದಿನವನ್ನಾದರೂ ತಪ್ಪಿಸಲು.

ಚೀಲದಲ್ಲಿ ಮುಚ್ಚಿ ತರುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಹತ್ತು ವರ್ಷದ ಹುಡುಗಿಗೆ ಎಲ್ಲವೂ ಕಾಣುತ್ತದೆ. ಅಮ್ಮ ಬಿಸ್ಕತ್ ಪೊಟ್ಟಣವನ್ನೂ ಬಚ್ಚಿಡುತ್ತಾಳೆ ಎಂದರೆ ನಾವೇನೋ ಕದ್ದಿದ್ದೇವೆ ಎಂದೇ ಮಗು ಅಂದುಕೊಳ್ಳುತ್ತದೆ. ಅವಳನ್ನು ಕೂರಿಸಿಕೊಂಡು ನೇರವಾಗಿ ಹೇಳಿ: "ಅಪ್ಪ ಇಲ್ಲದ ಮನೆಗೆ ಸರ್ಕಾರ ಇಷ್ಟು ಕೊಡಬೇಕು ಅಂತ ಇದೆ. ನಾವು ಅರ್ಜಿ ಹಾಕಿ, ದಾಖಲೆ ಕೊಟ್ಟು ತಗೊಂಡಿದ್ದೀವಿ. ಅಮ್ಮ ದುಡಿಯೋದೂ ಇದೆ." ಇಷ್ಟು ಸಾಕು, ಭಾಷಣ ಬೇಡ. ಮುಂದಿನ ಹುಟ್ಟುಹಬ್ಬಕ್ಕೂ ಕೇಕ್ ತನ್ನಿ.

ವಾರಗಿತ್ತಿಯ ವಿಷಯದಲ್ಲಿ ನನಗೊಂದು ಅನುಮಾನ. ಗೃಹಲಕ್ಷ್ಮಿ ಒಂದು ರೇಷನ್ ಕಾರ್ಡಿಗೆ ಒಬ್ಬರಿಗೇ ಬರುವುದು. ಆಕೆಯ ಕಾರ್ಡಿನಲ್ಲಿ ಅತ್ತೆ ಯಜಮಾನಿ ಆಗಿದ್ದರೆ ದುಡ್ಡು ಅತ್ತೆಯ ಖಾತೆಗೆ ಹೋಗುತ್ತಿರುತ್ತದೆ, ಸೊಸೆಯ ಕೈಗೆ ಬಿಡಿಗಾಸೂ ಬರದೇ ಇರಬಹುದು. ಎಷ್ಟೋ ಮನೆಗಳಲ್ಲಿ ಚುಚ್ಚುಮಾತು ಹುಟ್ಟುವುದು ಅಲ್ಲಿಂದಲೇ. ಹಾಗೆಂದು ಸಹಿಸಿಕೊಳ್ಳಿ ಎನ್ನುತ್ತಿಲ್ಲ. ಇಬ್ಬರೇ ಇರುವಾಗ ಒಂದು ಸಲ ಹೇಳಿಬಿಡಿ: "ನನಗೆ ಏನಾದರೂ ಅನ್ನು, ಮಕ್ಕಳ ಮುಂದೆ ಬೇಡ." ಆಮೇಲೂ ಆಕೆ ಅಂದರೆ ಉತ್ತರ ಕೊಡಬೇಡಿ. ಎದ್ದು ಒಳಗೆ ಹೋಗಿ.

ಪ್ರಶ್ನೆ: ನಾನು ಆಟೊ ಓಡಿಸುತ್ತೇನೆ. ಆರ್‌ಟಿಇ ಲಾಟರಿಯಲ್ಲಿ ಮಗನಿಗೆ ಎಲ್‌ಕೆಜಿಗೇ ಖಾಸಗಿ ಶಾಲೆಯಲ್ಲಿ ಸೀಟು ಸಿಕ್ಕಿತು. ಈಗ ಏಳನೇ ತರಗತಿ. ಶಾಲೆಯವರು ಯಾವುದೋ ಪುಸ್ತಕದ ದುಡ್ಡಿನ ವಿಚಾರಕ್ಕೆ ಕ್ಲಾಸಿನಲ್ಲಿ "ಆರ್‌ಟಿಇಯವರು ಎದ್ದು ನಿಲ್ಲಿ" ಎನ್ನುತ್ತಾರಂತೆ. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು, "ನಮ್ಮ ಫೀಸಿನಲ್ಲಿ ಅವರ ಮಕ್ಕಳು ಓದುತ್ತಾರೆ" ಎಂದು ಹಾಕಿದ್ದರು. ಹೋದ ವಾರ ಮಗ, "ಅಪ್ಪಾ, ಆಟೊ ಗೇಟಿನ ಹತ್ರ ತರಬ್ಯಾಡ, ಸರ್ಕಲ್‌ನ್ಯಾಗ ಇಳಿಸು" ಅಂದ. ಸರ್ಕಾರಿ ಶಾಲೆಗೆ ಹಾಕಿಬಿಡಲೇ?
– ಹುಬ್ಬಳ್ಳಿ

ಉತ್ತರ: ಸರ್ಕಾರಿ ಶಾಲೆ ಒಳ್ಳೆಯದಿದ್ದು, ನಿಮಗೂ ಹುಡುಗನಿಗೂ ಇಷ್ಟವಾಗಿ ಸೇರಿಸುವುದಾದರೆ ಸೇರಿಸಿ. ಅವಮಾನಕ್ಕೆ ಹೆದರಿ ಬೇಡ.

ಆ ಪೋಷಕರ ಮಾತು ಮೊದಲಿಗೇ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 12ನೇ ಸೆಕ್ಷನ್ ಪ್ರಕಾರ ಈ ಸೀಟುಗಳ ವೆಚ್ಚವನ್ನು, ನಿಗದಿಯಾದ ಮಿತಿಯೊಳಗೆ, ಸರ್ಕಾರ ಶಾಲೆಗೆ ಮರುಪಾವತಿ ಮಾಡುತ್ತದೆ. ಅದು ತಡವಾಗಿ ಬರುತ್ತದೆ, ಸಾಲದು ಎಂದು ಶಾಲೆಗಳು ದೂರುವುದುಂಟು. ಅದು ಶಾಲೆಗೂ ಸರ್ಕಾರಕ್ಕೂ ಇರುವ ವ್ಯವಹಾರ. ಅದನ್ನು ಹನ್ನೆರಡು ವರ್ಷದ ಹುಡುಗನ ಬೆಂಚಿಗೆ ತಂದು ಇಡುವಂತಿಲ್ಲ. ದುರ್ಬಲ ವರ್ಗದ ಮಗುವಿಗೆ ತಾರತಮ್ಯ ಆಗದಂತೆ ನೋಡಿಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ. ಈ ಮಕ್ಕಳನ್ನು ಉಳಿದವರಿಂದ ಬೇರೆ ಮಾಡಿ ಕೂರಿಸಬಾರದು ಎಂದು ನಿಯಮಗಳಲ್ಲಿದೆ. ಮಾನಸಿಕ ಕಿರುಕುಳವನ್ನು 17ನೇ ಸೆಕ್ಷನ್ ನಿಷೇಧಿಸಿದೆ. 2012ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರ್‌ಟಿಇ ಮಕ್ಕಳ ತಲೆಗೂದಲು ಕತ್ತರಿಸಿ ಗುರುತು ಮಾಡಿದರೆಂಬ ಆರೋಪ ದೇಶದಾದ್ಯಂತ ಸುದ್ದಿಯಾಗಿತ್ತು. ಎದ್ದು ನಿಲ್ಲಿಸುವುದೂ ಗುರುತು ಮಾಡುವುದೇ, ಕತ್ತರಿ ಇಲ್ಲ ಅಷ್ಟೆ.

ಹೀಗೆ ಮಾಡಿ. ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯಿರಿ. "ಆರ್‌ಟಿಇಗೆ ಸಂಬಂಧಿಸಿದ ಏನಿದ್ದರೂ ನನಗೆ ಫೋನ್ ಮಾಡಿ ತಿಳಿಸಿ, ತರಗತಿಯಲ್ಲಿ ಹೆಸರು ಕರೆಯಬೇಡಿ" ಎಂದಿರಲಿ. ನಕಲು ಪ್ರತಿಯ ಮೇಲೆ ಶಾಲೆಯ ಸೀಲು, ಸಹಿ ಪಡೆಯಿರಿ. ಬಾಯಿಮಾತಿನ ದೂರು ಸ್ಟಾಫ್ ರೂಮಿನ ಬಾಗಿಲು ದಾಟುವುದಿಲ್ಲ. ಸರಿಹೋಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಮಗುವಿಗೆ ಕಿರುಕುಳ ಮುಂದುವರಿದರೆ 1098 ಸಹಾಯವಾಣಿ ಇದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ವಾದಕ್ಕೆ ಇಳಿಯಬೇಡಿ. ಅಲ್ಲಿ ಗೆದ್ದವರನ್ನು ನಾನಿನ್ನೂ ನೋಡಿಲ್ಲ.

ಇನ್ನು ಮಗ. ಅವನು ನಿಮ್ಮ ಬಗ್ಗೆ ನಾಚಿಕೊಂಡ ಎಂದು ನಿಮಗೆ ನೋವಾಗಿದೆ, ಪತ್ರದಲ್ಲಿ ಅದನ್ನು ಬರೆದಿಲ್ಲ ಅಷ್ಟೆ. ಈ ವಯಸ್ಸಿನ ಹುಡುಗರು ಕಾರಿನಲ್ಲಿ ಬಿಡುವ ಅಪ್ಪನಿಗೂ ಗೇಟಿನ ಹತ್ತಿರ ಬರಬೇಡ ಎನ್ನುತ್ತಾರೆ. ಸ್ವಲ್ಪ ದಿನ ಸರ್ಕಲ್‌ನಲ್ಲೇ ಇಳಿಸಿ, ಅದನ್ನು ದೊಡ್ಡದು ಮಾಡಬೇಡಿ. ಆದರೆ ಪೋಷಕರ ಸಭೆಗೆ ತಪ್ಪದೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು ಪ್ರಶ್ನೆ ಕೇಳಿ.

ಮರೆಯಬಾರದ ಇನ್ನೊಂದು ಮಾತು. ಉಚಿತ ಶಿಕ್ಷಣ ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತಕ್ಕೆ ಅದೇ ಶಾಲೆಯಲ್ಲಿ ಪೂರ್ತಿ ಫೀಸು ಕೇಳುತ್ತಾರೆ. ಈಗಲೇ ಹತ್ತಿರದ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳನ್ನು ನೋಡಿಟ್ಟುಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ಐಟಿ ಉದ್ಯೋಗಿಗಳು. ಸಂಬಳದಲ್ಲಿ ದೊಡ್ಡ ಪಾಲು ತೆರಿಗೆಗೇ ಹೋಗುತ್ತದೆ. ನಮ್ಮ ಮನೆಗೆಲಸದಾಕೆಗೆ ಅಕ್ಕಿ ಉಚಿತ, ಬಸ್ ಉಚಿತ, ಮೇಲೆ 2,000. ದುಡ್ಡು ಬರತೊಡಗಿದ ಮೇಲೆ ಎರಡು ಮನೆಯ ಕೆಲಸ ಬಿಟ್ಟಳು. ಇದು ಸೋಮಾರಿತನಕ್ಕೆ ಪ್ರೋತ್ಸಾಹ ಅಲ್ಲವೇ? ಮೊನ್ನೆ ನನ್ನ ಮಗಳು ಆಕೆಯ ಮಗನಿಗೆ "ನಿಮಗೆ ಎಲ್ಲಾ ಫ್ರೀ" ಅಂದಳು. ಮಗಳನ್ನು ಬೈದೆ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದೂ ಅನ್ನಿಸಿತು.
– ಬೆಂಗಳೂರು

ಉತ್ತರ: ಬೈದದ್ದು ಮಗಳನ್ನು. ಆ ಮಾತು ಅವಳಿಗೆ ಸಿಕ್ಕಿದ್ದು ನಿಮ್ಮ ಊಟದ ಮೇಜಿನಲ್ಲಿ ಅಲ್ಲವೇ? ಕಟುವಾಯಿತು, ಆದರೆ ನೀವು ಕೇಳಿದ್ದೀರಿ, ಹೇಳುತ್ತೇನೆ.

ಮನೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಗೆ ಆದಾಯದ ಮಿತಿ ಇಲ್ಲ. ತಿಂಗಳ ಬಳಕೆ 200 ಯೂನಿಟ್ ಒಳಗಿದ್ದು, ಹಿಂದಿನ ಸರಾಸರಿಯ ಮೇಲೆ ಆ ಮನೆಗೆ ನಿಗದಿಯಾದ ಮಿತಿಯನ್ನೂ ದಾಟದಿದ್ದರೆ ಅಪಾರ್ಟ್‌ಮೆಂಟಿನ ಫ್ಲ್ಯಾಟಿಗೂ ಶೂನ್ಯ ಬಿಲ್ ಬರುತ್ತದೆ. ನಿಮ್ಮ ಮನೆಯ ಬಿಲ್ ಒಮ್ಮೆ ತೆಗೆದು ನೋಡಿ. ಗೃಹಸಾಲವಿದ್ದು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತ ಸಿಗುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಇದರಿಂದ ಉಳಿಯುವ ತೆರಿಗೆ 60,000 ರೂಪಾಯಿಗೂ ಹೆಚ್ಚು. ಗೃಹಲಕ್ಷ್ಮಿ ಹನ್ನೆರಡು ತಿಂಗಳೂ ತಪ್ಪದೆ ಬಂದರೆ 24,000. ಒಂದು ರಿಟರ್ನ್ಸ್ ಫಾರಮ್ಮಿನ ಒಳಗೆ ಸದ್ದಿಲ್ಲದೆ ಮುಗಿದುಹೋಗುತ್ತದೆ, ಇನ್ನೊಂದಕ್ಕೆ ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಕು. ಯಾರು ಫಲಾನುಭವಿ ಎಂದು ನಾವು ಗುರುತಿಸುವುದು ಸಾಲಿನಲ್ಲಿ ನಿಂತವರನ್ನು ನೋಡಿ. ತೆರಿಗೆಯನ್ನು ಆಕೆಯೂ ಕಟ್ಟುತ್ತಾಳೆ. ಮೊಬೈಲ್ ರೀಚಾರ್ಜ್ ಮೇಲಿನ ಶೇ 18 ಜಿಎಸ್‌ಟಿ ನಿಮಗೂ ಆಕೆಗೂ ಒಂದೇ.

ಸೋಮಾರಿತನದ ಮಾತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳಲ್ಲಿ ನಡೆದ ಏಳು ನಗದು ನೆರವಿನ ಪ್ರಯೋಗಗಳ ಅಂಕಿ ಅಂಶವನ್ನು ಜಾಲಾಡಿ 2017ರಲ್ಲಿ ಪ್ರಕಟಿಸಿದರು. ನೆರವು ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನಲು ಆಧಾರ ಸಿಗಲಿಲ್ಲ. ಹಾಗಾದರೆ ಆಕೆ ಎರಡು ಮನೆ ಬಿಟ್ಟದ್ದು ಏಕೆ? ನನಗೆ ಗೊತ್ತಿಲ್ಲ, ನೀವು ಕೇಳಿಯೂ ಇಲ್ಲ. ಆ ಮನೆಗಳು ಎಷ್ಟು ಕೊಡುತ್ತಿದ್ದವು, ಹೇಗೆ ಮಾತಾಡಿಸುತ್ತಿದ್ದವು ಎಂದು ವಿಚಾರಿಸಿ. ಬೆಂಗಳೂರಿನಲ್ಲಿ 2,000ಕ್ಕೆ ಒಂದು ಕೋಣೆಯ ಬಾಡಿಗೆಯೂ ಹುಟ್ಟುವುದಿಲ್ಲ. ಆದರೆ ತೀರ ಕಡಿಮೆ ಕೊಟ್ಟು ತೀರ ಹೆಚ್ಚು ಗದರುವ ಮನೆಗೆ "ಬರೋಲ್ಲ" ಎನ್ನುವಷ್ಟು ಧೈರ್ಯ ಹುಟ್ಟಬಹುದು. ನೀವು ಕಂಪನಿ ಬದಲಿಸುವಾಗ ನಿಮ್ಮನ್ನು ಯಾರೂ ಸೋಮಾರಿ ಎನ್ನುವುದಿಲ್ಲ.

ಇಂಥ ಗ್ಯಾರಂಟಿ ಯೋಜನೆಗಳಿಂದ ರಾಜ್ಯದ ಬೊಕ್ಕಸದ ಮೇಲೆ ಭಾರ ಬಿದ್ದಿದೆ, ಅನರ್ಹರೂ ಪಟ್ಟಿಯಲ್ಲಿದ್ದಾರೆ ಎಂಬ ತಕರಾರು ನಿಮ್ಮದಾದರೆ ಅದು ನ್ಯಾಯವಾದ ಚರ್ಚೆ. ಶಾಸಕರನ್ನು ಕೇಳಿ, ಪತ್ರಿಕೆಗೆ ಬರೆಯಿರಿ, ಮತ ಹಾಕುವಾಗ ನೆನಪಿಡಿ. ಪಾತ್ರೆ ತೊಳೆಯುತ್ತಿರುವವಳ ಬೆನ್ನ ಹಿಂದೆ ಆ ಚರ್ಚೆ ಬೇಡ. ಮಗಳಿಗೆ ಗೃಹಜ್ಯೋತಿ ಬಿಲ್ ತೋರಿಸಿ, "ನಮಗೂ ಫ್ರೀ ಇದೆ" ಎಂದು ಹೇಳಿ. ಆ ಹುಡುಗನ ಹತ್ತಿರ ಅವಳೇ ಹೋಗಿ ಸಾರಿ ಕೇಳಲಿ.

ಪ್ರಶ್ನೆ: ಹತ್ತಾರು ವರ್ಷ ಬಿಪಿಎಲ್ ಕಾರ್ಡಿನಲ್ಲೇ ಮಕ್ಕಳನ್ನು ಓದಿಸಿದೆವು. ಈಗ ಮಗನಿಗೆ ಒಳ್ಳೆಯ ಕೆಲಸ ಸಿಕ್ಕಿದೆ, ನಮ್ಮ ಜೊತೆಯಲ್ಲೇ ಇದ್ದಾನೆ. ಬೈಕ್ ತೆಗೆದುಕೊಂಡ. ಪಕ್ಕದ ಮನೆಯವರು "ಬೈಕ್ ಇಟ್ಟುಕೊಂಡು ಬಿಪಿಎಲ್ಲಾ? ಕಂಪ್ಲೇಂಟ್ ಕೊಡ್ತೀವಿ" ಅಂತಾರೆ.
– ತುಮಕೂರು

ಉತ್ತರ: ಬೈಕ್ ಇದ್ದ ಮಾತ್ರಕ್ಕೆ ಕಾರ್ಡ್ ಹೋಗುವುದಿಲ್ಲ. ಮನೆಯವರೆಲ್ಲರ ಒಟ್ಟು ವಾರ್ಷಿಕ ಆದಾಯ 1.20 ಲಕ್ಷ ದಾಟಿದರೆ, ಇಲ್ಲವೇ ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ ಅರ್ಹತೆ ಇರುವುದಿಲ್ಲ. ಈ ಮಿತಿ ತೀರ ಹಳತಾಯಿತು ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 10,000 ಎಂದರೆ ಗಾರ್ಮೆಂಟ್ಸ್‌ನಲ್ಲಿ ಕನಿಷ್ಠ ವೇತನ ಪಡೆಯುವ ಹೆಣ್ಣುಮಗಳೂ ಅದನ್ನು ದಾಟುತ್ತಾಳೆ. ಆದರೆ ನಿಮ್ಮ ಮಗನ ಸಂಬಳ ನೀವು ಹೇಳುವಷ್ಟು ಚೆನ್ನಾಗಿದ್ದರೆ ಪಕ್ಕದವರು ಕಂಪ್ಲೇಂಟ್ ಕೊಡುವವರೆಗೂ ಕಾಯುವುದೇಕೆ? ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಅರ್ಜಿ ಕೊಟ್ಟು ಎಪಿಎಲ್‌ಗೆ ಬದಲಿಸಿಕೊಳ್ಳಿ. ಆಸ್ಪತ್ರೆಯ ಖರ್ಚಿಗೆ ಬೇರೆ ವಿಮೆ ಮಾಡಿಸಿಕೊಂಡೇ ಈ ಕೆಲಸ ಮಾಡಿ, ಏಕೆಂದರೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುವ ಚಿಕಿತ್ಸೆ ಎಪಿಎಲ್‌ನವರಿಗೆ ವೆಚ್ಚದ ಶೇ 30ರಷ್ಟು ಮಾತ್ರ. ಇಷ್ಟು ವರ್ಷ ತೆಗೆದುಕೊಂಡದ್ದಕ್ಕೆ ಸಂಕೋಚ ಬೇಡ. ಆ ಅಕ್ಕಿ ಇದ್ದುದಕ್ಕೇ ಮಗನ ಓದು ನಿಲ್ಲಲಿಲ್ಲ.

ಪ್ರಶ್ನೆ: ಕೂಲಿ ಬಿಟ್ಟು ಹೋಗಲಾಗದೆ ರೇಷನ್ ತರಲು ಮಗಳನ್ನೂ ಅವಳ ಅಜ್ಜಿಯನ್ನೂ ಕಳಿಸುತ್ತೇನೆ. ಅಂಗಡಿಯವನು ತೂಕದಲ್ಲಿ ಕಡಿಮೆ ಕೊಟ್ಟು, ಮೇಲೆ 20 ರೂಪಾಯಿ ಕೇಳುತ್ತಾನೆ. ಮಗಳು ಕೇಳಿದ್ದಕ್ಕೆ "ಬಿಟ್ಟಿ ಅಕ್ಕಿಗೆ ಇಷ್ಟೊಂದು ಮಾತಾ?" ಅಂದನಂತೆ.
– ಚಾಮರಾಜನಗರ

ಉತ್ತರ: ಮಗಳಿಗೆ ನನ್ನ ಶಹಭಾಸ್ ಹೇಳಿ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆ ಅಕ್ಕಿ ನಿಮ್ಮ ಹಕ್ಕು. ಅದನ್ನು ತೂಗಿ ಕೊಡುವುದಕ್ಕೆ ಅವನಿಗೆ ಸರ್ಕಾರ ಕ್ವಿಂಟಲ್ ಲೆಕ್ಕದಲ್ಲಿ ಕಮಿಷನ್ ಕೊಡುತ್ತದೆ. ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಯಂತ್ರದಿಂದ ಬರುವ ರಸೀದಿಯನ್ನು ಕೇಳಿ ಪಡೆಯಲಿ, ಅದರಲ್ಲಿ ಎಷ್ಟು ಕಿಲೋ ಎಂದು ಇರುತ್ತದೆ. ತೂಕ ಹೊಂದದಿದ್ದರೆ ಅಂಗಡಿ ಸಂಖ್ಯೆ ಬರೆದುಕೊಂಡು 1967ಕ್ಕೆ ಕರೆ ಮಾಡಿ. ಆ ಕರೆಗೆ ಶುಲ್ಕವಿಲ್ಲ.